ಪಾಳಿಯಲ್ಲಿಟ್ಟ ತಂಬಿಗೆ

ಉಚ್ಚಂಗಮ್ಮ ನೀರು ತುಂಬಿದ ಹಿತ್ತಾಳೆ ತಂಬಿಗೆಯನ್ನು ಪಾಳಿಯ ಸಾಲಿನಲ್ಲಿಟ್ಟು, ಬೇವಿನ ಮರದ ಬುಡಕ್ಕೆ ಹೋಗಿ ಕುಳಿತಳು. ಅವಳಿಗೆ ನಿಲ್ಲಲು ಆಗುತ್ತಿರಲಿಲ್ಲ. ಮಿಲ್ಲಿನ ಕೇರಿಯ ನಲ್ಲಿಯ ಮುಂದೆ ಯಾರದಾದರೂ ಕೊಡ ಇದ್ದರೆ ಆ ಮನುಷ್ಯರೇ ನಿಂತ ಹಾಗೆ. ಅದನ್ನು ಬದಿಗೆ ಸರಿಸಿದವರು ಮತ್ತೆ ಕೇರಿಯಲ್ಲಿ ತಲೆಯೆತ್ತಿ ತಿರುಗುವಂತಿಲ್ಲ. ದಾವಣಗೆರೆಗೆ ವಸ್ತುಪ್ರದರ್ಶನ ಬಂದು ಹೈಸ್ಕೂಲು ಬಯಲಿನಲ್ಲಿ ತಿರುಗುವ ತೊಟ್ಟಿಲು ಎದ್ದಾಗ, ಕೇರಿಯವರು ಆ ನ್ಯಾಯವನ್ನು ಇಲ್ಲಿಗೂ ತಂದಿದ್ದರು. ಪಾಳಿ ಒಂದು ಹೆಜ್ಜೆ ಸರಿದರೆ, ಹಿಂದಿದ್ದ ಪಕ್ಕದ ಮನೆಯ ಅಂಜಿನವ್ವ ಬಗ್ಗಿ ತಂಬಿಗೆಯನ್ನು ಎತ್ತಿ ಒಂದು ಹೆಜ್ಜೆ ಮುಂದಿಡುತ್ತಿದ್ದಳು. ಕುಡಿಯುವ ನೀರನ್ನು ಕಾಲಿನಿಂದ ತಳ್ಳಬಾರದು.

"ಮ್ಯಾಲೆ ಹೋದ್ರೆ ಹರಿಹರದ ಹೊಳೆ ಕಾಣ್ತೈತೆ, ಬರ್ರಿ ಬರ್ರಿ" ಎಂದು ಗೇಟಿನವನು ಮಧ್ಯಾಹ್ನದಿಂದ ಕೂಗುತ್ತಿದ್ದ. ಉಚ್ಚಂಗಮ್ಮನ ತವರು ಹರಿಹರ. ಹೋದ ತಿಂಗಳು ಹೋಗಿದ್ದಾಗ ಅಣ್ಣ ಹೊಸ್ತಿಲ ಆಚೆಗೇ ನಿಲ್ಲಿಸಿ, ಎರಡು ಮಾತಾಡಿ ಕಳಿಸಿದ್ದ. ನಾಳೆ ಬೆಳಗಿನ ರೈಲಿಗೆ ಗಂಡ ಗೋಣೆಪ್ಪ ಅವಳನ್ನು ದೂರದ ಕ್ಷಯದ ಆಸ್ಪತ್ರೆಗೆ ಸೇರಿಸಲು ಕರೆದೊಯ್ಯುವವನಿದ್ದ. ಹಾಗೆ ಹೋಗಿ ತಿರುಗಿ ಬಂದವರನ್ನು ಅವಳು ಕಂಡಿರಲಿಲ್ಲ. ಒಂದು ಸಲ ಹೊಳೆಯನ್ನಾದರೂ ನೋಡಿ ಹೋಗಬೇಕು ಎಂದು ಬಂದಿದ್ದಳು. ಕೇರಿಯಲ್ಲಿ ಮಾತ್ರ ನಾಳೆ ತವರಿಗೆ ಹೊರಟಿದ್ದೇನೆ ಎಂದಿದ್ದಳು. ಹತ್ತಿಯ ಧೂಳು ಕುಡಿದು ಎಲ್ಲರೂ ಕೆಮ್ಮುವ ಕೇರಿಯಲ್ಲಿ ಇವಳೊಬ್ಬಳ ಕೆಮ್ಮಿನ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ.

ಬಿಸಿಲು ನೆತ್ತಿ ಸುಡುತ್ತಿತ್ತು. ಅಂಜಿನವ್ವನ ಹಿಂದೆ ನಿಂತಿದ್ದ ಮೈಲಾರಲಿಂಗಪ್ಪ ಮರದ ಕಡೆ ತಿರುಗಿ, ಒಂದು ಗುಟುಕು ಕುಡಿಯಲೇ ತಂಗಿ ಎಂದು ಕೇಳಿದ. ಉಚ್ಚಂಗಮ್ಮ ಒಂದು ಗಳಿಗೆ ತಂಬಿಗೆಯನ್ನೇ ನೋಡಿದಳು. ಆಮೇಲೆ ಹೂಂ ಎಂದು ತಲೆಯಾಡಿಸಿದಳು. ಅವನು ಎತ್ತಿ ಕುಡಿದ. ಅಂಜಿನವ್ವನೂ ಕುಡಿದಳು. ಹಿಂದಿನವರು ಏಳೆಂಟು ಜನ ಕೈಯಿಂದ ಕೈಗೆ ಕೊಟ್ಟು ಕುಡಿದು, ತಂಬಿಗೆಯನ್ನು ಮತ್ತೆ ಅದರ ಜಾಗಕ್ಕೇ ತಂದಿಟ್ಟರು. ಉಚ್ಚಂಗಮ್ಮನಿಗೂ ಗಂಟಲು ಒಣಗಿತ್ತು. ಅವಳು ಕುಡಿಯಲಿಲ್ಲ.

ಪಾಳಿ ಸರಿಯುತ್ತಿದ್ದುದು ಕಡಿಮೆ, ನಿಲ್ಲುತ್ತಿದ್ದುದೇ ಹೆಚ್ಚು. ಕಾರುಗಳು ಬರುತ್ತಿದ್ದವು. ಅಡತಿ ಅಂಗಡಿಯ ಸಾಹುಕಾರ ಕಲ್ಲೇಶಪ್ಪನವರ ಸೊಸೆಯಂದಿರು ಬಂದರು, ಮೊಮ್ಮಕ್ಕಳು ಬಂದರು, ಬೀಗರು ಬಂದರು. ಮೂರು ಸಲವೂ ಗೇಟಿನವನು ಹಗ್ಗ ಎತ್ತಿ ಅವರನ್ನು ನೆಟ್ಟಗೆ ಒಳಗೆ ಬಿಟ್ಟ. ಒಂದು ಕೊಡ ಸರಿಸಿದ್ದಕ್ಕೆ ಜಡೆ ಹಿಡಿದು ಹೊಡೆದಾಡುವ ಕೇರಿ ಬಾಯಿ ಮುಚ್ಚಿಕೊಂಡು ನೋಡುತ್ತಿತ್ತು. ಕೆಲವರು ನಮಸ್ಕಾರ ಬೇರೆ ಮಾಡಿದರು.

ಹೊತ್ತು ಮುಳುಗುವ ಮೊದಲು ಇನ್ನೊಂದೇ ಸುತ್ತು ಎಂದು ಗೇಟಿನವನು ಸಾರಿದಾಗ ತಂಬಿಗೆ ಹಗ್ಗದ ಹತ್ತಿರ ಬಂದಿತ್ತು. ಅಂಜಿನವ್ವ ಕೈಬೀಸಿ ಕರೆದಳು. ಉಚ್ಚಂಗಮ್ಮ ಮೆಲ್ಲಗೆ ಎದ್ದು ಬಂದು ತನ್ನ ಜಾಗದಲ್ಲಿ ನಿಂತಳು. ಅಷ್ಟರಲ್ಲಿ ನಾಲ್ಕನೇ ಸಲ ಕಾರು ಬಂತು. ಇಳಿದವರು ಸಾಹುಕಾರರೇ. ತೊಟ್ಟಿಲಲ್ಲಿ ಉಳಿದಿದ್ದುದು ಒಂದೇ ಜಾಗ. ಗೇಟಿನವನು ಉಚ್ಚಂಗಮ್ಮನಿಗೆ ಕೈ ಅಡ್ಡ ಹಿಡಿದು ಅವರಿಗೆ ಹಗ್ಗ ಎತ್ತಿದ.

ಮಿಲ್ಲು ಬಿಟ್ಟು, ಮನೆಯಲ್ಲಿ ಹೆಂಡತಿ ಕಾಣದೆ ಹುಡುಕುತ್ತ ಬಂದಿದ್ದ ಗೋಣೆಪ್ಪ ಇದನ್ನು ನೋಡಿದ. ತಲೆಗೆ ಅಂಟಿದ್ದ ಹತ್ತಿಯನ್ನೂ ಕೊಡವಿರಲಿಲ್ಲ. ಓಡಿ ಬಂದು ಗೇಟಿನವನ ಮುಂದೆ ಕೈಮುಗಿದ.

"ಅಣ್ಣಾ, ಇವಳಿಗೊಂದು ಸುತ್ತು ಬಿಡ್ರಿ. ಕ್ಷಯ ಐತ್ರಿ ಇವಳಿಗೆ, ಎದೆ ಪೂರಾ ಹೋಗೈತಂತೆ. ನಾಳೆ ಆಸ್ಪತ್ರಿಗೆ ಹಾಕ್ತೀನಿ. ಮತ್ತೆ ಬರ್ತಾಳೋ ಇಲ್ಲೋ."

ಕರುಣೆ ಬಂದೀತು ಎಂದು ನಿಜ ಹೇಳಿದ್ದ. ಸಾಹುಕಾರರು ಅಷ್ಟರಲ್ಲಿ ಒಳಗೆ ಹೋಗಿ ತೊಟ್ಟಿಲಲ್ಲಿ ಕುಳಿತಿದ್ದರು. ಕೇಳಿಸಿಕೊಂಡಿದ್ದು ಪಾಳಿ.

ಮೊದಲು ಮೈಲಾರಲಿಂಗಪ್ಪ ಉಗುಳಿದ. ಅವನ ಹಿಂದಿನವನು ಉಗುಳಿದ. ಆಮೇಲೆ ಸಾಲು ಸಾಲಾಗಿ ಎಲ್ಲರೂ ಥೂ ಥೂ ಎಂದು ಉಗುಳಿ, ಪಂಚೆಗೆ, ಸೆರಗಿಗೆ ಕೈ ಒರೆಸಿಕೊಳ್ಳತೊಡಗಿದರು. ಒಬ್ಬ ಗಂಟಲಿಗೆ ಬೆರಳು ಹಾಕಿಕೊಂಡ.

"ನಮಗ್ಯಾಕ ಹೇಳ್ಲಿಲ್ಲೇ ಉಚ್ಚಂಗಿ?" ಎಂದಳು ಅಂಜಿನವ್ವ. "ಮೊಲೆ ಉಣ್ಣೋ ಕೂಸು ಐತೆ ನನ್ನ ಮನ್ಯಾಗೆ."

ಮೈಲಾರಲಿಂಗಪ್ಪ ಕಾಲಿನಿಂದಲೇ ತಂಬಿಗೆಯನ್ನು ಬದಿಗೆ ತಳ್ಳಿದ. ಅರ್ಧ ನೀರು ಚೆಲ್ಲಿತು. ಪಾಳಿ ಬಿಟ್ಟು ಹೊರಗೆ ನಡಿ ಎಂದು ಹಿಂದಿನಿಂದ ಒಬ್ಬರು ಕೂಗಿದರು, ಹತ್ತು ಜನ ದನಿಗೂಡಿಸಿದರು. ನಾಲ್ಕು ಸಲ ಕಾರು ಬಂದಾಗ ಏಳದಿದ್ದ ದನಿ ಈಗ ಬಯಲಿಗೆಲ್ಲ ಕೇಳುತ್ತಿತ್ತು. ಗೋಣೆಪ್ಪ ಮುಗಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಉಚ್ಚಂಗಮ್ಮ ಬಗ್ಗಿ ತಂಬಿಗೆ ಎತ್ತಿಕೊಂಡು ಅದಕ್ಕೆ ಹತ್ತಿದ ಮಣ್ಣನ್ನು ಸೆರಗಿನಿಂದ ಒರೆಸಿದಳು.

"ಆರು ತಿಂಗಳಾತು, ನಾನು ಬ್ಯಾರೆ ಮಣ್ಣಿನ ಕುಡಿಕ್ಯಾಗೆ ನೀರು ಕುಡಿತೀನಿ" ಎಂದಳು ಅಂಜಿನವ್ವನಿಗೆ. "ಈ ತಂಬಿಗಿಗೆ ಬಾಯಿ ಹಚ್ಚಿಲ್ಲ."

ಯಾರೂ ನಂಬಲಿಲ್ಲ. ತೊಟ್ಟಿಲು ಕಿರ್ರೆಂದು ಮೇಲೇರಿತು.

ಅವಳು ಎಲ್ಲರೂ ನೋಡುವ ಹಾಗೆ ತಂಬಿಗೆಯ ಕಂಠಕ್ಕೆ ತುಟಿ ಒತ್ತಿ, ಉಳಿದಿದ್ದ ನೀರನ್ನು ಕೊನೆಯ ಹನಿಯವರೆಗೆ ಕುಡಿದಳು. ಆಮೇಲೆ ಅದನ್ನು ಹಗ್ಗದ ಮುಂದೆ, ತನ್ನ ಪಾಳಿಯ ಜಾಗದಲ್ಲೇ ಇಟ್ಟು, ಗಂಡನ ತೋಳು ಹಿಡಿದು ನಡೆದಳು. ಅದನ್ನು ಅಲ್ಲಿಂದ ಸರಿಸಲು ಈಗ ಯಾರ ಕೈಯೂ ಮುಂದೆ ಬರಲಿಲ್ಲ, ಯಾರ ಕಾಲೂ.