ಅಪ್ಪನ ಎಡೆಗೆ ಏನಿಡೋದು?

ಅಪ್ಪ ತೀರಿಹೋದ ಹನ್ನೊಂದನೆಯ ದಿನ ಅವನ ಫೋಟೋ ಮುಂದೆ ಎಡೆ ಇಡಬೇಕಿತ್ತು. ಎಡೆಯಲ್ಲಿ ಅವನಿಗೆ ಇಷ್ಟವಾದದ್ದೇ ಇರಬೇಕು. ಅದನ್ನಿಡುವ ತನಕ ಮನೆಯವರು ಯಾರೂ ಬಾಯಿಗಿಟ್ಟು ಉಪ್ಪು ನೋಡುವಂತೆಯೂ ಇಲ್ಲ.

"ಬೇಗ ಹೇಳ್ರೋ, ಇಷ್ಟದ್ದು ಸಿಗದಿದ್ರೆ ನನ್ ತಮ್ಮ ಹಸ್ಕೊಂಡೇ ಹೋಗ್ತಾನೆ," ಎಂದು ಸೋದರತ್ತೆ ಬಾಳೆಎಲೆ ಹಾಸಿದಳು.

"ಮೀನಿನ ತಲೆ," ಎಂದ ಅಣ್ಣ. "ಯಾವಾಗ್ಲೂ ತಲೆಯನ್ನೇ ಹಾಕಿಸ್ಕೊಳ್ತಿದ್ದ."

"ನಿಂಗೆ ನಡುತುಂಡೇ ಬೇಕಿತ್ತಲ್ಲೋ," ಎಂದಳು ಅವ್ವ.

"ಹಂಗಾದ್ರೆ ಸೀದ ರೊಟ್ಟಿ," ಎಂದೆ ನಾನು. "ನನ್ ತಟ್ಟೆಯಿಂದ ಕಿತ್ಕೊಂಡು ತಿಂತಿದ್ದ."

"ಸೀದದ್ದನ್ನ ನೀನು ಮುಟ್ತಿದ್ಯೇನೇ?" ಎಂದಳು ಅವ್ವ.

"ಕೋಳಿಸಾರು ಇಷ್ಟ ಅಲ್ವೇನವ್ವ?" ಅಣ್ಣ ಬಿಡಲಿಲ್ಲ. "ಭಾನುವಾರ ತಪ್ಪಿಸ್ದೆ ಕೋಳಿ ತರ್ತಿದ್ದ."

"ಅದು ನಂಗಿಷ್ಟ ಕಣೋ," ಎಂದಳು ಅವ್ವ.

ಒಲೆಯ ಮೇಲೆ ಎಲ್ಲವೂ ಬೆಂದಿತ್ತು, ಎಲೆ ಮಾತ್ರ ಖಾಲಿ.

"ಹಂಗಾದ್ರೆ ಅವನಿಗೇನೇ ಇಷ್ಟ? ಹೆಂಡ್ತಿ ನೀನಾದ್ರೂ ಹೇಳೇ," ಎಂದು ಅತ್ತೆ ಅಳುವಂತಾದಳು.

ಅವ್ವ ಫೋಟೋ ನೋಡಿದಳು. ಆಮೇಲೆ ಎದ್ದು ನಮ್ಮಿಬ್ಬರ ಮುಂದೆ ತಟ್ಟೆ ಹಾಕಿದಳು.

"ಮೊದ್ಲು ನೀವು ಹೊಟ್ಟೆ ತುಂಬ ಉಣ್ಣಿ. ನೀವು ಬಿಟ್ಟಿದ್ದನ್ನ ಅವರಿಗೆ ಇಡ್ತೀನಿ."