ತೂತಿಲ್ಲದ ಗುಂಡಿ

ತಮ್ಮನ ಟೈಲರ್ ಅಂಗಡಿಯಲ್ಲಿ ಗುಂಡಿಯ ಡಬ್ಬಿಗೆ ಕೈ ಹಾಕಿದ ಅಕ್ಕನಿಗೆ ತೂತೇ ಇಲ್ಲದ ಬಿಳಿ ಗುಂಡಿಯೊಂದು ಸಿಕ್ಕಿತು. ಕೆದಕಿದರೆ ಅಡಿಯಲ್ಲಿ ಅಂಥವೇ ಒಂದು ಬೊಗಸೆ. ಅವಳು ಕೊಟ್ಟ ಕಿಡ್ನಿಯನ್ನು ಅವನ ಮೈ ತಿರಸ್ಕರಿಸದಿರಲೆಂದು ಅವನು ದಿನವೂ ನುಂಗಬೇಕಾಗಿದ್ದ ಮಾತ್ರೆಗಳು.

“ಹುಷಾರಾಗಿದ್ದೀನಲ್ಲಕ್ಕ,” ತಮ್ಮ ಮಷೀನು ತುಳಿಯುತ್ತಲೇ ಅಂದ. “ಅದು ತಗೊಂಡ್ರೆ ಕೈ ನಡುಗುತ್ತೆ. ಸೂಜಿಗೆ ದಾರ ಪೋಣಿಸೋಕೂ ಆಗಲ್ಲ.”

“ಮಾತ್ರೆ ಬಿಟ್ರೆ ನಿನ್ನ ಮೈ ನನ್ನ ಕಿಡ್ನಿನ ಹೊರಗಿನದು ಅಂದ್ಕೊಂಡು ಸಾಯಿಸಿಬಿಡುತ್ತೆ ಅಂತ ಡಾಕ್ಟ್ರು ಹೇಳಿರಲಿಲ್ವಾ? ನನಗೊಂದು ಮಾತು ಹೇಳ್ಬಾರದಿತ್ತಾ?”

“ಮನೇಲಿ ಎಲ್ರಿಗೂ ಗೊತ್ತಕ್ಕ. ಹೊರಗಿನವರಿಗೆಲ್ಲ ಯಾಕೆ ಹೇಳ್ಬೇಕು ಅಂತ ಸುಮ್ನಿದ್ವಿ.”

ಅಂದವನ ಕಾಲು ಪೆಡಲಿನ ಮೇಲೆ ತಟ್ಟನೆ ನಿಂತಿತು. ಅಕ್ಕನ ಕೈ ಆಗಲೇ ತನ್ನ ಪಕ್ಕೆಯ ಹಳೆಯ ಹೊಲಿಗೆಯ ಮೇಲಿತ್ತು.