ಒಬ್ಬಳಿಗೇ ಹೋಂವರ್ಕ್

ನಾಲ್ಕೂವರೆಗೆ ಶಾಲೆ ಬಿಡುತ್ತಿತ್ತು. ಐದಕ್ಕೆ ಅಣ್ಣನ ಮಗಳು ಇಂಗ್ಲಿಷ್ ವ್ಯಾಕರಣದ ಪ್ರಶ್ನೆಗಳೊಂದಿಗೆ ನನ್ನೆದುರು ಕೂರುತ್ತಿದ್ದಳು. ಅವು ಸುಲಭದವಾಗಿರಲಿಲ್ಲ, ಒಂದೊಂದನ್ನೂ ಯೋಚಿಸಿಯೇ ಹೇಳಿಕೊಡುತ್ತಿದ್ದೆ. ಆ ಗುರುವಾರ ಅವಳು ಮೊದಲು ತೋರಿಸಿದ್ದು ಊದಿದ ಅಂಗೈಯನ್ನು.

"ಉತ್ತರ ತಪ್ಪಾಗಿತ್ತು ಚಿಕ್ಕಪ್ಪ. ಮಿಸ್ ಹೊಡೆದ್ರು."

"ಉಳಿದವರಿಗೂ ಹೊಡೆದ್ರಾ?"

"ಅವರಿಗೆ ಹೋಂವರ್ಕೇ ಇರಲ್ಲ. ಪಾಠ ಆಗೋಕೆ ಮುಂಚೇನೇ ನನಗೊಬ್ಬಳಿಗೆ ಕೊಡ್ತಾರೆ."

ಮರುದಿನ ಬೆಳಿಗ್ಗೆ, ಮೊದಲ ಗಂಟೆ ಹೊಡೆಯುವ ಮುನ್ನವೇ, ನಾನು ಅವಳ ಶಿಕ್ಷಕಿಯ ಎದುರು ನಿಂತಿದ್ದೆ.

"ಪಾಠಾನೇ ಮಾಡದೆ ಪ್ರಶ್ನೆ ಕೊಟ್ಟು, ತಪ್ಪಾದ್ರೆ ಹೊಡೀತೀರಾ? ಅದೂ ಇವಳೊಬ್ಬಳಿಗೆ? ನಾಲ್ಕನೇ ಕ್ಲಾಸಿನ ಮಗು ಕಣ್ರೀ ಅದು. ಪೆನ್ಸಿಲ್ ಹಿಡಿಯೋಕೂ ಆಗ್ತಿಲ್ಲ ಅದಕ್ಕೆ."

"ಕೂಗಾಡಬೇಡಿ. ಮನೇಲಿ ಹೇಳಿಕೊಡೋರು ಯಾರು?"

"ನಾನೇ. ಏನೀಗ?"

ಶಿಕ್ಷಕಿಯ ದನಿ ನನ್ನದಕ್ಕಿಂತ ಮೇಲೇರಿತು.

"ಏನೀಗ ಅಂತೀರಾ? ನಿನ್ನೆ ಇನ್‌ಸ್ಪೆಕ್ಟರ್ ಹಿಂದಿನ ಬೆಂಚಲ್ಲಿ ಕೂತಿದ್ರು. ಇವಳು ತಂದ ಉತ್ತರಾನೇ ನಾನು ಬೋರ್ಡ್ ಮೇಲೆ ಬರೆದೆ. ಮಕ್ಕಳೆದುರೇ ನನಗೆ ಛೀಮಾರಿ ಹಾಕಿಸಿದ್ರಲ್ರೀ ನೀವು."

ಜೂನ್ ತಿಂಗಳಿಂದ ಆ ತರಗತಿಗೆ ಇಂಗ್ಲಿಷ್ ವ್ಯಾಕರಣ ಕಲಿಸುತ್ತಿದ್ದವನು ನಾನು.